ತೊಡೆಗೆ ಕಟ್ಟಿದ ನೂಲು

ನನ್ನ ಬೀರುವಿನಲ್ಲಿ ಒಂದು ಚಿತ್ರವಿದೆ. ಅದರಲ್ಲಿ ಈಗ ಏನೂ ಇಲ್ಲ.

ಅಂಗೈ ಅಗಲದ ನುಣುಪಾದ ಕಾಗದ. ಸ್ಕ್ಯಾನಿಂಗ್ ಯಂತ್ರದ ಪಕ್ಕದ ಪುಟ್ಟ ಪೆಟ್ಟಿಗೆಯಿಂದ ಅದು ಬೆಚ್ಚಗೆ ಹೊರಬಂದ ದಿನ ಅದರ ಮೇಲೆ ನನ್ನ ಸೋದರಮಾವನ ಬಲತೊಡೆಯ ಒಳಭಾಗ ಬೂದು ಗೆರೆಗಳಲ್ಲಿ ಮೂಡಿತ್ತು. ಶಾಖದಿಂದ ಮೂಡಿದ ಚಿತ್ರ ಬಹುಕಾಲ ನಿಲ್ಲುವುದಿಲ್ಲವೆಂದು ನನಗೆ ಆಗ ತಿಳಿದಿರಲಿಲ್ಲ. ಮೊದಲು ಚರ್ಮದ ಗೆರೆ ಮಾಸಿತು. ಆಮೇಲೆ ಮಾಂಸದ ಎಳೆಗಳು ಒಂದೊಂದಾಗಿ ಹೋದವು. ಮೂಳೆಯ ಕೆಳಗಿನ ಕಪ್ಪು ಮಾತ್ರ ಕೆಲವು ವರ್ಷ ಉಳಿದಿತ್ತು. ಮಾವನ ಕಾಲಿಗೆ ಆದದ್ದನ್ನು ಆ ಕಾಗದ ನಿಧಾನವಾಗಿ ಇನ್ನೊಮ್ಮೆ ಮಾಡಿ ತೋರಿಸಿದಂತೆ ನನಗನ್ನಿಸಿತು. ಅದನ್ನು ಎಸೆಯಲು ಎರಡು ಸಲ ಕೈಗೆತ್ತಿಕೊಂಡೆ, ಎರಡು ಸಲವೂ ಮತ್ತೆ ಅಲ್ಲೇ ಇಟ್ಟೆ.

ಎರಡು ಸಾವಿರದ ಇಸವಿ ದಾಟಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಅರೆಕಾಲಿಕ ಅಧ್ಯಾಪಕನಾಗಿದ್ದೆ. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಪಾರಿತೋಷಕಗಳು ಮನೆಯ ಗೂಡಿನಲ್ಲಿ ಸಾಲಾಗಿ ನಿಂತಿದ್ದವು. ಎದುರಾಳಿ ಮಾತು ಮುಗಿಸುವ ಮೊದಲೇ ಉತ್ತರ ಸಿದ್ಧವಿರಬೇಕೆಂಬುದನ್ನು ನಾನು ಆ ವೇದಿಕೆಗಳಲ್ಲಿ ಕಲಿತಿದ್ದೆ. ಅದನ್ನೇ ವಿವೇಕವೆಂದು ನಂಬಿದ್ದೆ. ಸಮಾಜವನ್ನು ತಿದ್ದಬಹುದಾದರೆ ದೇಹವನ್ನೂ ತಿದ್ದಬಹುದು, ಎರಡಕ್ಕೂ ಬೇಕಾದದ್ದು ಸರಿಯಾದ ಶಿಕ್ಷಣ ಮತ್ತು ಶಿಸ್ತು ಎಂಬುದು ಆ ದಿನಗಳ ನನ್ನ ದೃಢ ನಿಲುವು. ಗೆಳೆಯರೊಡನೆ ಕಟ್ಟಿಕೊಂಡಿದ್ದ ಸಣ್ಣ ಸಂಘದ ಮೂಲಕ ಆ ನಿಲುವನ್ನು ನಾನು ಮೊದಲು ಒಯ್ದದ್ದು ನನ್ನ ಅವ್ವನ ತವರಾದ ಮೊಳಕಾಲ್ಮೂರಿನ ನೇಕಾರರ ಓಣಿಗೆ.

ಅಲ್ಲಿ ರೇಷ್ಮೆ ಸೀರೆ ನೇಯುವುದು ಕುಣಿ ಮಗ್ಗದಲ್ಲಿ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಕಾರ ಅಂಚಿನ ಮೇಲೆ ಕೂರುತ್ತಾನೆ. ಕೈಯ ಕೆಲಸವೆಲ್ಲ ಬೆಳಕಿನಲ್ಲಿ ನಡೆಯುತ್ತದೆ. ಕಾಲು ಮಾತ್ರ ಕೆಳಗಿನ ಕತ್ತಲೆಯಲ್ಲಿ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿರುತ್ತದೆ. ಬೆಳಿಗ್ಗೆ ಇಳಿದ ಕಾಲುಗಳನ್ನು ಸಂಜೆಯವರೆಗೆ ಯಾರೂ ನೋಡುವುದಿಲ್ಲ, ಅವುಗಳ ಒಡೆಯನೂ ನೋಡುವುದಿಲ್ಲ. ಐವತ್ತು ದಾಟಿದ ಮಾವನ ಬಲಗಾಲು ಒಂದು ವರ್ಷದಿಂದ ಸೋಲುತ್ತಿತ್ತು. ಗುಂಡಿಯಿಂದ ಮೇಲೇಳಲು ಅವನು ತೊಲೆಗೆ ಹಗ್ಗ ಕಟ್ಟಿಕೊಂಡಿದ್ದ. ಸೀರೆಯ ಒಡಲಿಗೆ ಬೇರೆ ಬಣ್ಣದ ಅಂಚನ್ನು ಹೆಣೆದು ಕೂಡಿಸುವುದರಲ್ಲಿ ಓಣಿಯಲ್ಲಿ ಅವನಿಗೆ ಸರಿಸಮನಿರಲಿಲ್ಲ. ಆದರೆ ಆ ಕಾಲು ಹೋದರೆ ಮಗ್ಗವೂ ಹೋಗುತ್ತಿತ್ತು.

“ಕುಣಿ ಇಳಿಯೋಕೆ ಆಗ್ಲಿಲ್ಲ ಅಂದ್ರೆ ನಾನು ಮನ್ಯಾಗೆ ಯಾಕೆ ಬೇಕು ಅಲ್ಲುಡು?” ಎಂದು ಅವನು ಒಮ್ಮೆ ಕೇಳಿದ್ದ. ಅಲ್ಲುಡು ಎಂದರೆ ತೆಲುಗಿನಲ್ಲಿ ಅಳಿಯ. ಆ ಮನೆಯಲ್ಲಿ ಎರಡೂ ಭಾಷೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು. ಅವನು ನಗುತ್ತಲೇ ಕೇಳಿದ್ದ. ಅತ್ತೆ ನಗಲಿಲ್ಲ.

ಅದೇ ಕಾಲಕ್ಕೆ ವೈದ್ಯಕೀಯ ಕಾಲೇಜೊಂದರಿಂದ ಒಬ್ಬ ಡಾಕ್ಟರಮ್ಮ ಪರಿಚಯವಾದರು. ಇಡೀ ದಿನ ಕೂತು ದುಡಿಯುವವರ ತೊಡೆಯ ಸ್ನಾಯುಗಳು ವ್ಯಾಯಾಮದಿಂದ ಹೇಗೆ ಬದಲಾಗುತ್ತವೆಂಬುದನ್ನು ಸ್ಕ್ಯಾನಿಂಗ್ ಮೂಲಕ ಅಳೆಯುವುದು ಅವರ ಕೆಲಸ. ಮೊದಲು ಒಮ್ಮೆ ಚಿತ್ರ, ಮೂರು ತಿಂಗಳ ವ್ಯಾಯಾಮ, ಆಮೇಲೆ ಅದೇ ಜಾಗದ ಇನ್ನೊಂದು ಚಿತ್ರ. ನಮ್ಮ ಕಿವಿಗೆ ಕೇಳದ ಸದ್ದನ್ನು ಯಂತ್ರ ಮೈಯೊಳಗೆ ಕಳಿಸುತ್ತದೆ, ಒಳಗಿನಿಂದ ಮರಳಿ ಬರುವ ಸದ್ದನ್ನು ಚಿತ್ರ ಮಾಡುತ್ತದೆ ಎಂದು ಅವರು ವಿವರಿಸಿದಾಗ ನನಗೆ ರೋಮಾಂಚನವಾಯಿತು. ಅಲ್ಲಿಯವರೆಗೆ ನನ್ನ ವಾದಗಳಿಗೆ ಕಣ್ಣಿಗೆ ಕಾಣುವ ಸಾಕ್ಷಿ ಇರಲಿಲ್ಲ.

ಓಣಿಯ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿಸಿದೆ. ಎಲ್ಲರಿಗಿಂತ ಹಿರಿಯ ನೇಕಾರರೊಬ್ಬರು ಎದ್ದರು. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಹಿಂದೆ ಬೀಡಿ.

“ಮುಂಜಾನಿಂದ ಸಂಜೀತನ ತುಳೀತೀವಿ. ಇನ್ನ ಮ್ಯಾಲೆ ಬಸ್ಕಿ ಬೇರೆ ಹೊಡೀಬೇಕಾ? ಇಸ್ಕೂಲ್ ಬಿಟ್ಟು ನಲವತ್ತು ವರ್ಷ ಆತಲ್ಲಪ್ಪ.”

ಎಲ್ಲರೂ ನಕ್ಕರು. ನಾನು ಕಾದಿದ್ದ ಎಳೆ ಅದೇ. ತುಳಿತಕ್ಕೆ ಪಾದ ಮತ್ತು ಮೀನಖಂಡ ಸಾಕು, ತೊಡೆ ಇಡೀ ದಿನ ಸುಮ್ಮನೆ ಕೂತಿರುತ್ತದೆ, ಕೆಲಸವಿಲ್ಲದ ಸ್ನಾಯು ಕರಗುತ್ತದೆ, ಕೆಲಸ ಕೊಟ್ಟರೆ ಮರಳುತ್ತದೆ ಎಂದು ಕ್ರಮವಾಗಿ ಮಂಡಿಸಿದೆ. ಕೊನೆಗೆ ಎಲ್ಲರ ಮುಂದೆ ಮಾವನ ಭುಜದ ಮೇಲೆ ಕೈಯಿಟ್ಟು, ಮೂರು ತಿಂಗಳಲ್ಲಿ ಈತ ಹಗ್ಗ ಹಿಡಿಯದೆ ಮೇಲೇಳುತ್ತಾನೆ ಎಂದೆ. ಮಾವ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟವನ್ನು ನಾನು ಒಪ್ಪಿಗೆಯೆಂದು ತಿಳಿದೆ. ಅಕ್ಕನ ಮಗನ ಮಾತು ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ಅವನು ಆ ಕ್ಷಣದಲ್ಲಿ ಹೊತ್ತನೆಂಬುದು ನನಗೆ ಹೊಳೆಯಲಿಲ್ಲ.

ಮೊದಲ ಸ್ಕ್ಯಾನಿಂಗ್‌ಗೆ ಅಮಾವಾಸ್ಯೆಯ ದಿನವನ್ನು ಗೊತ್ತುಮಾಡಿದವನು ನಾನೇ. ಅಂದು ಓಣಿಯಲ್ಲಿ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಕುಂಕುಮವಿಟ್ಟು, ಲಾಳಿಯನ್ನು ಬಟ್ಟೆಯ ಮೇಲೆ ಮಲಗಿಸಿ ಬಿಡುತ್ತಾರೆ. ಅಂದು ನೇಯ್ದರೆ ಮನೆಗೆ ಕೇಡೆಂಬ ನಂಬಿಕೆ. ಎಲ್ಲರಿಗೂ ಬಿಡುವಿರುತ್ತದಲ್ಲ ಎಂಬುದಷ್ಟೇ ನನ್ನ ಲೆಕ್ಕ.

ಚಳ್ಳಕೆರೆಯ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರವನ್ನು ಡಾಕ್ಟರಮ್ಮ ಆ ಬೆಳಿಗ್ಗೆಗೆ ಕೇಳಿಕೊಂಡಿದ್ದರು. ಎಣ್ಣೆ ಗಿರಣಿಗಳ ವಾಸನೆ ಒಳಗೂ ಬರುತ್ತಿತ್ತು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳಲಾಗುವುದಿಲ್ಲವೆಂಬ ಬೋರ್ಡಿನ ಕೆಳಗೆ ಹನ್ನೆರಡು ಮಂದಿ ನೇಕಾರರು ಸಾಲಾಗಿ ಕೂತಿದ್ದರು. ಎದುರು ಬೆಂಚಿನ ಬಸುರಿ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಒಬ್ಬಾಕೆ ತಡೆಯಲಾರದೆ ಕೇಳಿಯೇಬಿಟ್ಟಳು.

“ಎಷ್ಟು ತಿಂಗ್ಳಣ್ಣ?”

“ಐವತ್ಮೂರು ವರ್ಷ ಆತವ್ವ,” ಎಂದ ಮಾವ. “ಇನ್ನೂ ಹೊರಗೆ ಬಂದಿಲ್ಲ.”

ಒಳಕೋಣೆಯ ಕಿಟಕಿಗೆ ಪರದೆ ಸಾಲದೆ ಕರಿಯ ಕಂಬಳಿಯೊಂದನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಹೊರಗೆ ಸುಡುಬಿಸಿಲು, ಒಳಗೆ ಉಣ್ಣೆಯ ವಾಸನೆಯ ಕತ್ತಲೆ. ಮಾವ ಪಂಚೆ ಮೇಲೆತ್ತಿ ಮಲಗಿದ. ಮಾವನ ನಂತರದ ಸರದಿಯ ಆ ಹಿರಿಯ ನೇಕಾರರೂ ನನ್ನೊಡನೆ ಒಳಗೆ ಬಂದು ನಿಂತರು. ಡಾಕ್ಟರಮ್ಮ ತೊಡೆಗೆ ತಣ್ಣಗಿನ ಲೋಳೆ ಸುರಿದಾಗ ಮಾವ, “ಹಾಸಿಗೆ ಗಂಜಿ ಹಾಕ್ದಂಗಾತು,” ಎಂದು ಗೊಣಗಿದ. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ನೇಯುವ ಮೊದಲು ಅದಕ್ಕೆ ಗಂಜಿ ಬಳಿಯುತ್ತಾರೆ. ಅವರು ಕೈಯಲ್ಲಿದ್ದ ಸಾಧನವನ್ನು ಮೆಲ್ಲಗೆ ಒತ್ತಿದರು. ಪರದೆಯ ಮೇಲೆ ಬೂದುಬಣ್ಣದ ಎಳೆಗಳು ಒಂದರ ಪಕ್ಕ ಒಂದು ಎದ್ದವು. ಅವುಗಳ ಕೆಳಗೆ ಮೂಳೆಯ ಬಿಳಿ ಕಮಾನು. ಅದರ ಕೆಳಗೆ, ಸದ್ದು ದಾಟಲಾರದ ಕಪ್ಪು.

ಮಾವ ಕತ್ತು ಹೊರಳಿಸಿ ಬಹಳ ಹೊತ್ತು ನೋಡಿದ. “ಹಾಸು ಐತಲ್ಲ ಒಳಗೆ,” ಎಂದ. ಆಮೇಲೆ ಬೆರಳು ಚಾಚಿ ಒಂದು ಕಡೆ ತೋರಿಸಿದ. “ಇಲ್ಲಿ ನೂಲು ಸಡ್ಲ ಆಗೈತೆ ನೋಡಮ್ಮ.”

ಡಾಕ್ಟರಮ್ಮನ ಕೈ ಅದೇ ಜಾಗದಲ್ಲಿ ನಿಂತಿತ್ತು.

ಆಗ ಎಳೆಗಳು ಅಲುಗಿದವು. ಮಾವ ಅಲುಗಿರಲಿಲ್ಲ. ತೊಡೆಯ ಮೇಲಿನ ಚರ್ಮ ನಿಶ್ಚಲವಾಗಿ ಹೊಳೆಯುತ್ತಿತ್ತು. ಪರದೆಯ ಒಳಗೆ ಮಾತ್ರ ಒಂದು ಎಳೆಗುಂಪು ಚುಟುಕ್ಕನೆ ಸೆಟೆದು ಸಡಿಲವಾಯಿತು. ಇನ್ನೊಂದು ಮೂಲೆಯಲ್ಲಿ ಮತ್ತೊಂದು. ಒಂದು ಗಳಿಗೆ ಬಿಟ್ಟು ಮತ್ತೆ ಮೊದಲನೆಯದು.

“ಕಾಲು ಅಲುಗಿಸ್ತಿದ್ದೀರಾ?” ಎಂದರು ಡಾಕ್ಟರಮ್ಮ.

“ಇಲ್ಲಮ್ಮ.”

“ಏನಾದರೂ ಅನ್ನಿಸುತ್ತಾ?”

“ಏನೂ ಇಲ್ಲ.”

ನನ್ನ ಬಗಲಲ್ಲಿ ಯಾವುದೋ ಸಣ್ಣ ಸದ್ದು ಕೇಳಿತು. ಹಿರಿಯ ನೇಕಾರರು ಪರದೆಯಿಂದ ಕಣ್ಣು ಕೀಳದೆ ಹೆಬ್ಬೆರಳಿನಿಂದ ಮಂಚದ ಕಬ್ಬಿಣವನ್ನು ತಟ್ಟುತ್ತಿದ್ದರು. ಎಡ, ಬಲ, ನಿಲುಗಡೆ. ಎಡ, ಬಲ, ನಿಲುಗಡೆ. ಅದು ನಾನು ಹುಟ್ಟಿದಾಗಿನಿಂದ ಆ ಓಣಿಯಲ್ಲಿ ಕೇಳಿದ ತಾಳ.

“ಇವತ್ತು ಅಮಾಸೆ ಅಲ್ವೇನಲೇ,” ಎಂದು ಅವರು ಮಾವನಿಗೆ ತಗ್ಗಿದ ದನಿಯಲ್ಲಿ ಹೇಳಿದರು. “ಮಗ್ಗ ಆಡ್ತೈತಲ್ಲ.”

“ಇದಕ್ಕೆ ತಾಳ ಇರೋದಿಲ್ಲ ಯಜಮಾನರೇ,” ಎಂದರು ಡಾಕ್ಟರಮ್ಮ. “ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಬರುತ್ತೆ. ನೀವು ಎಣಿಸ್ತಿರೋದು ನಿಮ್ಮ ಕಿವಿಯೊಳಗಿನ ತಾಳ.” ಅವರ ಮಾತು ಶಾಸ್ತ್ರೀಯವಾಗಿ ಸರಿಯಾಗಿತ್ತು. ಆದರೆ ನಾನೂ ಎಣಿಸುತ್ತಿದ್ದೆ. ಯಂತ್ರ ಆರಿಸಿದ ಮೇಲೂ ನನ್ನ ಎಣಿಕೆ ನಿಲ್ಲಲಿಲ್ಲ.

ಎಲ್ಲರ ಸರದಿ ಮುಗಿದ ಮೇಲೆ ಡಾಕ್ಟರಮ್ಮ ನನ್ನೊಬ್ಬನನ್ನೇ ಹೊರಗೆ ಕರೆದರು. ದಣಿದ ಸ್ನಾಯುವಿನಲ್ಲಿಯೂ ಹೀಗಾಗುವುದುಂಟು, ನರದ ರೋಗದಲ್ಲಿಯೂ ಆಗುವುದುಂಟು. ಮೊದಲು ನರದ ಡಾಕ್ಟರರಿಗೆ ತೋರಿಸಿ, ಆಮೇಲೆ ವ್ಯಾಯಾಮ ಎಂದು ಒಂದು ಪತ್ರ ಬರೆದುಕೊಟ್ಟರು. ಮಿಕ್ಕ ಹನ್ನೊಂದು ಮಂದಿಗೆ ಏನೂ ತೊಂದರೆಯಿರಲಿಲ್ಲ.

ಪತ್ರವನ್ನು ನಾನು ಫೈಲಿನಲ್ಲಿ ಇಟ್ಟುಕೊಂಡೆ. ಬಸ್ಸಿನಲ್ಲಿ ಮೊಳಕಾಲ್ಮೂರಿನವರೆಗೂ ನನ್ನೊಳಗೆ ಪರ–ವಿರೋಧ ಚರ್ಚೆ ನಡೆಯಿತು. ಎರಡೂ ಕಡೆ ಮಾತಾಡಿದವನು ನಾನೇ, ತೀರ್ಪುಗಾರನೂ ನಾನೇ. ದಣಿದ ಸ್ನಾಯು ಎಂದು ಅವರೇ ಹೇಳಿದರಲ್ಲ? ದಣಿವಿಗೆ ಮದ್ದು ಶಕ್ತಿಯಲ್ಲವೇ? ಕಟ್ಟೆಯ ಮೇಲೆ ಹೆಸರು ಹೇಳಿ ತೋರಿಸಿದವನನ್ನೇ ಮೊದಲ ದಿನ ಕೈಬಿಟ್ಟರೆ ಉಳಿದವರು ನಾಳೆಯಿಂದ ಬರುತ್ತಾರೆಯೇ? ಮೂರು ತಿಂಗಳು ಕಳೆಯಲಿ, ಆಮೇಲೆ ಪತ್ರ ಕೊಡೋಣ. ಆ ಚರ್ಚೆಯಲ್ಲಿ ನಾನು ಗೆದ್ದೆ.

ಎರಡನೆಯ ಚಿತ್ರವನ್ನು ಅದೇ ಜಾಗದಲ್ಲಿ ತೆಗೆಯಬೇಕೆಂದು ಡಾಕ್ಟರಮ್ಮ ಪ್ರತಿಯೊಬ್ಬರ ತೊಡೆಯ ಮೇಲೂ ಬೇಗ ಅಳಿಸದ ಶಾಯಿಯಿಂದ ಒಂದು ಗೆರೆ ಎಳೆದಿದ್ದರು, ಮಾಸಿದಂತೆಲ್ಲ ಅದರ ಮೇಲೆಯೇ ತಿದ್ದಿಕೊಳ್ಳಬೇಕೆಂದು ಹೇಳಿದ್ದರು. ಮಾವನಿಗೆ ಶಾಯಿಯ ಮೇಲೆ ನಂಬಿಕೆಯಿರಲಿಲ್ಲ. ನೇಯ್ದ ಸೀರೆಯಲ್ಲಿ ಎಲ್ಲಿಯವರೆಗೆ ಬಂದೆವೆಂದು ಗುರುತಿಗೆ ಅಂಚಿಗೊಂದು ನೂಲು ಕಟ್ಟುವುದು ಅವರ ರೂಢಿ. ಮನೆಗೆ ಬಂದವನೇ ಕೆಂಪು ರೇಷ್ಮೆಯ ಎಳೆಗಳನ್ನು ಹುರಿಮಾಡಿ, ಶಾಯಿಯ ಗೆರೆಯ ಮೇಲೆಯೇ ತೊಡೆಯ ಸುತ್ತ ಬಿಗಿಯಾಗಿ ಕಟ್ಟಿಕೊಂಡ.

“ಕಾಲು ತುಂಬ್ಕೊಂಡ್ರೆ ನೂಲು ಒತ್ತತೈತೆ. ಸೊರಗಿದ್ರೆ ಜಾರತೈತೆ. ಮಿಸೀನು ಯಾಕೆ ಬೇಕು?” ಎಂದ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಸ್ಕ್ಯಾನಿಂಗ್ ಕೋಣೆಯ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. “ಅಮಾಸೆ ದಿನ ಇವ್ರ ಕಾಲಾಗೆ ಮಗ್ಗ ಆಡ್ತಂತೆ, ಹೌದೇನಪ್ಪ?” ಎಂದು ಕೇಳಿದಳು.

“ಅದು ದಣಿವು ಅತ್ತೆ,” ಎಂದೆ.

“ಡಾಕ್ಟ್ರಮ್ಮ ಅಂದ್ರಾ?”

“ಅಂದರು,” ಎಂದೆ. ಅದು ಸುಳ್ಳಾಗಿರಲಿಲ್ಲ, ಸತ್ಯದ ಅರ್ಧ ಮಾತ್ರವಾಗಿತ್ತು.

ವಾರಕ್ಕೆ ಎರಡು ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಓಣಿಗೆ ಹೋಗಿ ನಾನೇ ವ್ಯಾಯಾಮ ಮಾಡಿಸುತ್ತಿದ್ದೆ. ಬಸ್ಕಿ, ಮೆಟ್ಟಿಲು ಹತ್ತಿಳಿಯುವುದು, ಮರಳಿನ ಚೀಲ ಕಟ್ಟಿಕೊಂಡು ಕಾಲೆತ್ತುವುದು. ಹಿರಿಯ ನೇಕಾರರು ಎರಡನೆಯ ವಾರದಿಂದಲೇ ಎಲ್ಲರಿಗಿಂತ ಮುಂದೆ ಬಂದು ನಿಲ್ಲತೊಡಗಿದರು. ಯಾರೋ ಅವರನ್ನು, “ಏನ್ ತಾತ, ಕುಸ್ತಿಗೆ ಹೋಗ್ತೀಯಾ?” ಎಂದು ಕೆಣಕಿದರೆ, “ಮೊದ್ಲು ನಿಮ್ಮಪ್ಪನ್ನ ಕೆಡವ್ತೀನಿ ಬಾರಲೇ,” ಎನ್ನುತ್ತಿದ್ದರು. ಎಣಿಸುವವನು ನಾನು. ಒಂದು ದಿನ ಗಮನಿಸಿದೆ: ನಾನು ಒಂದು, ಎರಡು ಎಂದು ಎಣಿಸುತ್ತಿದ್ದರೂ ಅವರೆಲ್ಲರ ಮೊಣಕಾಲು ಮಡಿಯುತ್ತಿದ್ದುದು ಬೇರೆ ತಾಳಕ್ಕೆ. ಎಡ, ಬಲ, ನಿಲುಗಡೆ. ಸುತ್ತಲಿನ ಮನೆಗಳಲ್ಲಿ ಆ ಹೊತ್ತಿಗೆ ಒಂದು ಮಗ್ಗವೂ ಆಡುತ್ತಿರಲಿಲ್ಲ. ನನ್ನ ದನಿ ತಾನಾಗಿಯೇ ಆ ತಾಳಕ್ಕೆ ಹೊಂದಿಕೊಂಡಿತು. ಅಂದಿನಿಂದ ಎಣಿಸುತ್ತಿದ್ದವನು ನಾನೋ, ನನ್ನಿಂದ ಎಣಿಸಿಕೊಳ್ಳುತ್ತಿದ್ದುದು ಇನ್ನಾವುದೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ.

ಮಾವ ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿ ಸಲವೂ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಅವನ ತೊಡೆಯ ನೂಲಿಗೆ. ಅದು ಶಾಯಿಯ ಗೆರೆಯ ಮೇಲೆಯೇ ಇರುತ್ತಿತ್ತು, ಬಿಗಿಯಾಗಿ. ಅವನು ಮೇಲೇಳುವಾಗ ಹಲ್ಲು ಕಚ್ಚುವುದು ಹೆಚ್ಚಾಗಿತ್ತು, ನಡೆಯುವಾಗ ಪಾದ ನೆಲಕ್ಕೆ ಉಜ್ಜುತ್ತಿತ್ತು. ಆದರೂ ನೂಲು ಜಾರಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟೆ.

ಎರಡನೆಯ ಸ್ಕ್ಯಾನಿಂಗ್ ಕೂಡ ಅಮಾವಾಸ್ಯೆಯಂದೇ ನಡೆಯಿತು, ಅದೇ ಕೋಣೆಯಲ್ಲಿ, ಅದೇ ಕಂಬಳಿಯ ಕತ್ತಲೆಯಲ್ಲಿ. ಹಿರಿಯ ನೇಕಾರರ ತೊಡೆಯ ಮಾಂಸ ಹಳೆಯ ಚಿತ್ರಕ್ಕಿಂತ ದಪ್ಪವಾಗಿದ್ದುದು ನನ್ನ ಬರಿಗಣ್ಣಿಗೇ ತಿಳಿಯುವಂತಿತ್ತು. ಅವರ ಹಿಂದೆ ಬಂದವರಲ್ಲಿಯೂ ಹೆಚ್ಚಿನವರದ್ದು ಹಾಗೆಯೇ. ನನ್ನ ವಾದ ಕಣ್ಣೆದುರು ಬೆಳಗುತ್ತಿತ್ತು. ಕೊನೆಯಲ್ಲಿ ಮಾವ ಮಲಗಿದ.

“ನೂಲು ತೆಗೀಬೇಕಲ್ಲ,” ಎಂದು ಡಾಕ್ಟರಮ್ಮ ಕತ್ತರಿ ತಂದರು. ಅದನ್ನು ಕತ್ತರಿಸಿ ತೆಗೆಯುವಾಗ ಅವರ ಬೆರಳಿಗೆ ಏನೋ ತಡೆಯಿತು. ದೀಪದ ಹತ್ತಿರ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಕಣ್ಣಿಗೆ ನುಣುಪಾಗಿ ಕಂಡ ನೂಲು ಬೆರಳಿಗೆ ಬೇರೆಯೇ ಹೇಳಿತು. ಹಾಸಿನ ಎಳೆ ಕಡಿದಾಗ ನೇಕಾರರು ಹಾಕುವ, ಎಳ್ಳಿಗಿಂತಲೂ ಸಣ್ಣ ಗಂಟು. ಒಂದಲ್ಲ, ಎಂಟು.

“ಇದೇನು?” ಎಂದೆ.

ಮಾವ ಮೇಲ್ಚಾವಣಿ ನೋಡುತ್ತ ಹೇಳಿದ. “ಜಾರಿದಾಗೆಲ್ಲ ಒಸಿ ಕತ್ತರ್ಸಿ ಗಂಟು ಹಾಕ್ಕೊಂಡೆ. ಹುಡುಗ ಕಟ್ಟೆ ಮ್ಯಾಲೆ ಮಾತು ಕೊಟ್ಟಿದ್ದ.” ಕೈ ಚಾಚಿ ನೂಲನ್ನು ನನ್ನಿಂದ ಮರಳಿ ತೆಗೆದುಕೊಂಡ.

ಪರದೆ ಬೆಳಗಿತು. ಮೊದಲ ಸಲ ಹಾಸಿನಂತೆ ಕಂಡಿದ್ದ ಎಳೆಗಳು ತೆಳುವಾಗಿ, ಒಂದಕ್ಕೊಂದು ಅಂಟಿ, ಬೆಳ್ಳಗೆ ಮಬ್ಬಾಗಿದ್ದವು. ಮೂಳೆಯ ಕಮಾನು ಮಂಜಿನ ಹಿಂದೆ ಸರಿದಂತಿತ್ತು. ಆ ಮಬ್ಬಿನೊಳಗೆ ಚುಟುಕುಗಳು ಮಾತ್ರ ಹೆಚ್ಚಾಗಿದ್ದವು. ಎಲ್ಲ ಮೂಲೆಗಳಲ್ಲೂ, ಎಡೆಬಿಡದೆ, ಯಾರೂ ಇಲ್ಲದ ಮನೆಯಲ್ಲಿ ಯಾರೋ ಓಡಾಡಿದಂತೆ. ಅವರು ಸಾಧನವನ್ನು ಎಡತೊಡೆಗೆ ಸರಿಸಿದರು. ಅಲ್ಲಿಯೂ ಒಂದು ಎಳೆ ಚುಟುಕೆಂದಿತು.

“ನರದ ಡಾಕ್ಟರರು ಏನಂದರು?” ಎಂದು ಅವರು ಮಾವನನ್ನು ಕೇಳಿದರು.

“ಯಾವ ಡಾಕ್ಟ್ರು?” ಎಂದ ಮಾವ.

ಆ ಕತ್ತಲೆಯಲ್ಲಿ ಇಬ್ಬರೂ ನನ್ನ ಕಡೆ ತಿರುಗಿದರು. ಪತ್ರ ಇನ್ನೂ ಫೈಲಿನಲ್ಲಿಯೇ ಇದೆ ಎಂದು ನಾನು ಹೇಳಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಕಾರಣಗಳಿದ್ದವು, ಕ್ರಮವಾಗಿ ಜೋಡಿಸಿದ್ದವು. ಡಾಕ್ಟರಮ್ಮ ಲೋಳೆ ಒರೆಸುತ್ತ ಮೆಲ್ಲಗೆ ಹೇಳಿದರು: “ಆಗಲೇ ಹೋಗಿದ್ದರೆ ವಾಸಿ ಆಗ್ತಿತ್ತು ಅಂತ ನಾನು ಹೇಳೋಲ್ಲ. ಇರೋ ಶಕ್ತಿಯನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಅವರೇ ತೀರ್ಮಾನ ಮಾಡಬಹುದಿತ್ತು.”

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಅದು ನರದ ರೋಗವೇ ಎಂದರು. ನರ ಸಾಯುತ್ತಿದೆ, ಸ್ನಾಯು ಅದರ ಹಿಂದೆ ಹೋಗುತ್ತದೆ, ಒಂದು ಕಾಲಿಗೆ ನಿಲ್ಲುವುದಿಲ್ಲ. ಮೂರು ತಿಂಗಳ ಬಸ್ಕಿ ಅದನ್ನು ಬೇಗ ಮಾಡಿತೇ ಎಂದು ಕೇಳಿದೆ. ಹಾಗೆ ಖಚಿತವಾಗಿ ಹೇಳಲಾಗದು ಎಂದರು. ಆ ಅನಿಶ್ಚಿತತೆಯಲ್ಲಿಯೇ ನಾನು ಇಂದಿಗೂ ಬದುಕುತ್ತಿದ್ದೇನೆ.

ಆಮೇಲೆ ಸುಮಾರು ಒಂದು ತಿಂಗಳು ನಾನು ಓಣಿಗೆ ಹೋಗಲಿಲ್ಲ. ಕೊನೆಗೆ ಅವ್ವ ಗದರಿದ್ದರಿಂದ ಹೊರಟೆ. ಬಿಸಿಲಿನ ಮಧ್ಯಾಹ್ನ. ತಿರುವಿನಲ್ಲೇ ಮಗ್ಗದ ಸದ್ದು ಕೇಳಿತು. ಆ ಓಣಿಯಲ್ಲಿ ಪ್ರತಿಯೊಂದು ಮಗ್ಗದ ಸದ್ದೂ ಬೇರೆ, ಇದು ಮಾವನದೇ. ಎಡ, ಬಲ, ನಿಲುಗಡೆ. ಒಂದಿಷ್ಟೂ ಮುಗ್ಗರಿಸುತ್ತಿರಲಿಲ್ಲ. ಆಸ್ಪತ್ರೆಯವರು ತಪ್ಪಿದ್ದಾರೆ, ಕಾಲು ಮರಳಿದೆ, ನನ್ನ ಮಾತೇ ನಿಜವಾಯಿತು ಎಂದುಕೊಂಡೆ. ಅವನ ಕಾಲಿಗಿಂತ ನನ್ನ ಮಾತು ಗೆದ್ದದ್ದಕ್ಕೆ ಮನಸ್ಸು ಹಿಗ್ಗಿತೆಂಬುದನ್ನು ಇಲ್ಲಿ ಬಚ್ಚಿಡಲಾರೆ.

ಒಳಗೆ ಹೋದೆ. ಗುಂಡಿಯ ಅಂಚಿನಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಲಾಳಿ ಮಾವನ ಕೈಯಲ್ಲಿತ್ತು. ಅವನ ಬಲಕ್ಕೆ ಕೂತ ಅತ್ತೆ ಹಾಸನ್ನೂ ನೋಡದೆ, ನನ್ನನ್ನೂ ನೋಡದೆ, ಎದುರಿನ ಗೋಡೆಯ ಮೇಲೆ ಕಣ್ಣಿಟ್ಟಿದ್ದಳು. ಕೆಳಗಿನ ಕತ್ತಲೆಯಲ್ಲಿ ನಾಲ್ಕು ಕಾಲು. ಎರಡು ತುಳಿಯುತ್ತಿದ್ದವು, ಎರಡು ಸುಮ್ಮನಿದ್ದವು.

“ಎಲ್ಲಿ ಹೇಳು ನೋಡಾಣ ಅಲ್ಲುಡು,” ಎಂದ ಮಾವ, ಲಾಳಿ ನಿಲ್ಲಿಸದೆ. “ಇದ್ರಾಗೆ ನನ್ನ ಕಾಲು ಯಾವ್ದು?”

ನಾನು ಬಗ್ಗಿ ಗುಂಡಿಯೊಳಗೆ ಇಣುಕಿದೆ.

“ಅಳಿಯನ್ನ ಕಾಡಬ್ಯಾಡ್ರಿ,” ಎಂದಳು ಅತ್ತೆ. “ನಂಗೇ ಒಂದೊಂದ್ಸಲ ಗೊತ್ತಾಗಾದಿಲ್ಲ.”

ಮಾವ ಮಗ್ಗ ನಿಲ್ಲಿಸಿ ಸೀರೆಯ ಅಂಚಿನಲ್ಲಿ ಒಂದು ಕಡೆ ತೋರಿಸಿದ. ಅಲ್ಲಿ ಗುರುತಿಗೆ ಕಟ್ಟಿದ್ದ ಕೆಂಪು ನೂಲು ನನಗೆ ಪರಿಚಿತ. “ಇಲ್ಲಿಗಂಟ ನನ್ನ ಬಲಗಾಲು ತುಳಿದಿದ್ದು. ಇಲ್ಲಿಂದ ಇವಳದು,” ಎಂದ. ನಾನು ನೂಲಿನ ಎರಡೂ ಬದಿಗೆ ಬೆರಳಾಡಿಸಿದೆ. ಬಟ್ಟೆ ಒಂದೇ ಸಮನಾಗಿತ್ತು. ಗಂಟುಗಳು ಮಾತ್ರ ಒತ್ತಿದವು.

“ಈಗ ಎಡದ ಕಾಲು ಬಾಕಿ ಐತೆ,” ಎಂದು ಅವನು ಪಂಚೆ ಸರಿಸಿದ. ಎಡತೊಡೆಯ ಸುತ್ತ ಹೊಸ ನೂಲೊಂದಿತ್ತು, ಹಸಿರು ಬಣ್ಣದ್ದು. “ಎಷ್ಟು ದಿನ ಉಳಿದೈತೆ ಅಂತ ತಿಳ್ಕಬೇಕಲ್ಲ, ಅಷ್ಟರೊಳಗೆ ಈ ಹಾಸು ಮುಗೀಬೇಕು. ಈ ಸಲ ಗಂಟು ಎಣ್ಸೋದು ನಿನ್ ಕೆಲ್ಸ. ಕೈ ಇಡು.”

ನಾನು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕತ್ತಲೆಯೊಳಗೆ ಕೈ ಇಳಿಸಿದೆ. ಒಳಗಿನ ಗಾಳಿ ತಂಪಾಗಿತ್ತು. ಬೆರಳನ್ನು ನೂಲಿನ ಗುಂಟ ತೊಡೆಯ ಸುತ್ತ ನಿಧಾನವಾಗಿ ಒಯ್ದೆ. ಮಗ್ಗ ನಿಂತಿತ್ತು. ಚರ್ಮದ ಅಡಿಯಲ್ಲಿ ಏನೋ ಸೆಟೆದು ಸಡಿಲವಾದದ್ದು ಬೆರಳಿಗೆ ತಾಗಿತು. ಸ್ವಲ್ಪ ಮುಂದೆ, ತೊಡೆಯ ಒಳಬದಿಯಲ್ಲಿ, ಎಳ್ಳಿಗಿಂತಲೂ ಸಣ್ಣದೊಂದು ಗಂಟು ಸಿಕ್ಕಿತು.

“ಎಷ್ಟು?” ಎಂದ ಮಾವ.

“ಒಂದು,” ಎಂದೆ.